ನಾನಿಗೊಂದು ಕನ್ನಡ ಶಬ್ದ

ಒಂದು ಶಬ್ದ ಬದಲಾದ ಮಾತ್ರಕ್ಕೆ ಮುದುಕಿ ಬದಲಾಗುತ್ತಾಳೇನು ಎಂದು ತನ್ನನ್ನೇ ಕೇಳಿಕೊಳ್ಳುತ್ತ ಮುನವ್ವರ ಮಾಸ್ತರ ಬಚ್ಚಲಲ್ಲಿ ಬಹಳ ಹೊತ್ತು ಕೂತುಬಿಟ್ಟ. ಬಕೆಟ್ಟಿನ ಬಿಸಿನೀರು ಆರಿಹೋಗಿತ್ತು. ಹಿತ್ತಲ ಗೋಡೆಯಾಚೆಯ ಅಕ್ಕಿ ಗಿರಣಿ ಆಗಲೇ ಶುರುವಾಗಿ, ಕುದಿಸಿದ ಭತ್ತದ ಹುಳಿವಾಸನೆ ಕಿಂಡಿಯಿಂದ ಇಳಿದು ಸಾಬೂನಿನ ವಾಸನೆಯನ್ನು ನುಂಗಿತ್ತು. ಗಂಗಾವತಿಯಲ್ಲಿ ಮನೆ ಮಾಡಿ ಇಷ್ಟು ವರ್ಷವಾದರೂ ಒಗ್ಗದ ಆ ವಾಸನೆ ಇವತ್ತು ಮಾತ್ರ ಹಳೆಯ ಪರಿಚಯದವರಂತೆ ಬಂದು ಪಕ್ಕದಲ್ಲಿ ಕೂತಿತು. ಹೆಂಡತಿ ಮೆಹರಾಜ ಹೊರಗಿನಿಂದ ಬಾಗಿಲು ಬಡಿದಳು. "ದೇಶಾಂತರದ ಮೇಡಂ ಬರ್ತಾಳಂತ ಮೈಯೆಲ್ಲಾ ತಿಕ್ಕಿ ಸವಸಬ್ಯಾಡ್ರಿ. ನಮಗೂ ಒಂದೀಟು ಉಳೀಲಿ." ಬೇರೆ ದಿನವಾಗಿದ್ದರೆ ಒಳಗಿನಿಂದಲೇ ಅವನು ತಿರುಗಿ ಏನಾದರೂ ಅನ್ನುತ್ತಿದ್ದ. ಇವತ್ತು ಬಾಯಲ್ಲಿ ಅದೊಂದೇ ಶಬ್ದ ಮಾವಿನ ಓಟೆಯ ಹಾಗೆ ಹೊರಳುತ್ತಿತ್ತು; ನುಂಗಲೂ ಬಾರದು, ಉಗುಳಲೂ ಬಾರದು.

ಮಂಚದ ಮೇಲೆ ಮೊಬೈಲು ತೆರೆದೇ ಇತ್ತು. ಬೆಂಗಳೂರಿನ ಪ್ರಕಾಶಕ ಗೋವಿಂದರಾಜ ಬೆಳಗಾಗುತ್ತಲೇ ಕಳಿಸಿದ ಪುಟ. ಮಧ್ಯಾಹ್ನ ಕಾಲೇಜಿನ ಸಭೆಯಲ್ಲಿ ಮುನವ್ವರ ಓದಬೇಕಾದದ್ದು ಅದನ್ನೇ. ನಾರ್ವೆಯ ಭಾಷೆಯಿಂದ ನೇರವಾಗಿ ಅವನೇ ಕನ್ನಡಕ್ಕೆ ತಂದ ಕಾದಂಬರಿಯದು. ಆದರೆ ಅವನದಲ್ಲದ ಒಂದು ಶಬ್ದ ಈಗ ಪುಟದ ತುಂಬ ಮೇಯುತ್ತಿತ್ತು. 'ನಾನಿ' ಎಂದು ಬರೆದಲ್ಲಿ 'ಅಜ್ಜಿ' ಆಗಿತ್ತು. 'ದಾದಿ' ಎಂದು ಬರೆದಲ್ಲಿಯೂ 'ಅಜ್ಜಿ' ಆಗಿತ್ತು. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಪುಸ್ತಕದ ಮುದುಕಿಯರೆಲ್ಲ ಒಬ್ಬಳೇ ಆಗಿಬಿಡುತ್ತಾರೆ. ಕಾದಂಬರಿಯಲ್ಲಿ ಮುಖ್ಯವಾಗಿ ಇದ್ದವರೇ ಇಬ್ಬರು ಮುದುಕಿಯರು. ಗುಡ್ಡಗಳ ನಡುವೆ ದಾರಿ ಮಾಡಿಕೊಂಡು ಊರೊಳಗೆ ನುಗ್ಗಿದ ಕಡಲು, ಅದರ ಈ ದಂಡೆಗೆ ತಾಯಿಯ ತಾಯಿ, ಆ ದಂಡೆಗೆ ತಂದೆಯ ತಾಯಿ, ಇಬ್ಬರಿಗೂ ಮಾತಿಲ್ಲ, ನಡುವೆ ಹುಟ್ಟು ಹಾಕುತ್ತ, ಅವರದನ್ನು ಇವರಿಗೆ ಇವರದನ್ನು ಅವರಿಗೆ ಮುಟ್ಟಿಸುತ್ತ ಬೆಳೆಯುವ ಒಬ್ಬ ಹುಡುಗಿ. ನಾರ್ವೆಯವರ ಮಾತಿನಲ್ಲಿ ತಾಯಿಯ ತಾಯಿ ಮುರ್ಮುರ್, ತಂದೆಯ ತಾಯಿ ಫರ್ಮುರ್. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಹೆಸರು, ಕನ್ನಡದ ಪುಸ್ತಕಗಳಲ್ಲೂ ಒಂದೇ. ಆದರೆ ಮುನವ್ವರನ ಮನೆಯಲ್ಲಿ, ಅಕ್ಷರ ಬಾರದವರೂ ಆಡುವ ದಖ್ಖನಿ ಮಾತಿನಲ್ಲಿ, ನಾನಿ ಬೇರೆ, ದಾದಿ ಬೇರೆ. ಅನುವಾದ ಶುರು ಮಾಡಿದ ದಿನ ಆ ಎರಡು ಶಬ್ದಗಳು ಕರೆಯದೆಯೇ ಬಂದು ಕಾಗದದ ಮೇಲೆ ಕೂತಿದ್ದವು. ಇಂಗ್ಲಿಷಿನ ದಾರಿಯಲ್ಲಿ ಎಲ್ಲೋ ಬಿದ್ದುಹೋಗಬಹುದಾಗಿದ್ದ ಇಬ್ಬರು ಮುದುಕಿಯರನ್ನು ತಾನು ಸೆರಗು ಕೂಡ ನೆನೆಯದಂತೆ ದಡ ಮುಟ್ಟಿಸಿದೆ ಎಂದು ಅವನು ಎಷ್ಟು ಹಿಗ್ಗಿದ್ದ.

ಆ ಹಿಗ್ಗಿನಲ್ಲಿಯೇ ತಪ್ಪಾಗಿತ್ತು. ಹೋದ ತಿಂಗಳು ಗೋವಿಂದರಾಜ ಫೋನು ಮಾಡಿ, "ಸಾರ್, ಈ ಕಥೇಲಿ ಆಸ್ಪತ್ರೆನೇ ಇಲ್ವಲ್ಲ, ದಾದಿ ಎಲ್ಲಿಂದ ಬಂದ್ಲು?" ಎಂದು ಕೇಳಿದಾಗ ಮುನವ್ವರನಿಗೆ ಒಂದು ಗಳಿಗೆ ಪ್ರಶ್ನೆಯೇ ತಿಳಿಯಲಿಲ್ಲ. ತಿಳಿದಾಗ ಕಿವಿಯ ಹಿಂದೆ ಬಿಸಿಯಾಯಿತು. ಕನ್ನಡದಲ್ಲಿ ದಾದಿ ಎಂದರೆ ನರ್ಸು. ಕನಕಗಿರಿಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ಸಮಾನಾರ್ಥಕ ಪದ ಬಾಯಿಪಾಠ ಮಾಡಿಸುವ ಕನ್ನಡ ಮಾಸ್ತರನಿಗೆ ಅದು ಹೊಳೆದೇ ಇರಲಿಲ್ಲ. ಹಸ್ತಪ್ರತಿ ಓದಿದ ಬೆಂಗಳೂರಿನ ಯಾರೋ ಪರಿಶೀಲಕರು, ನರ್ಸೊಬ್ಬಳು ಮನೆಯ ದೋಣಿ ಯಾರ ಪಾಲಿಗೆ ಬರಬೇಕೆಂದು ಜಗಳ ತೆಗೆಯುವುದು ನಂಬುವಂತಿಲ್ಲ ಎಂದು ಬರೆದಿದ್ದರಂತೆ. ಗೋವಿಂದರಾಜ ಓದಿ ಹೇಳಿ ನಕ್ಕ. ಮುನವ್ವರನೂ ನಕ್ಕ. ನಗುತ್ತಲೇ ಅವನಿಗೆ, ಕೊನೆಗೂ ಸಿಕ್ಕಿಬಿದ್ದೆ, ಅನ್ನಿಸಿತು. ನೌಕರಿಗೆ ಸೇರಿದಂದಿನಿಂದ ಜನ ಅವನಿಗೆ, ನಿಮ್ಮ ಕನ್ನಡ ಭಾಳ ಛಲೋ ಐತ್ರಿ ಎಂದು ಮೆಚ್ಚಿ ಹೇಳುತ್ತ ಬಂದಿದ್ದರು. ಜತೆಗೇ ನೌಕರಿಗೆ ಸೇರಿದ ಗೆಳೆಯ ಹಾಲೇಶನಿಗೆ ಯಾರೂ ಹಾಗೆ ಹೇಳಿದ್ದಿಲ್ಲ. ಆ ಮೆಚ್ಚುಗೆಯ ಕೆಳಗೆ ಒಂದು ಗುಣಿ ಇದೆ, ಎಂದಾದರೂ ಕಾಲು ಜಾರುತ್ತದೆ ಎಂದು ಗೊತ್ತಿತ್ತು. ಜಾರಿದ್ದು ತನ್ನ ಮನೆಯ ಶಬ್ದದ ಮೇಲೆಯೇ. ದಾದಿ ತಪ್ಪು, ತೆಗೆದುಬಿಡಿ ಅಂದ. ಆದರೆ ದಾದಿಯ ಬೆನ್ನಿಗೆ ನಾನಿಯೂ ಹೋಗಬೇಕು ಅಂದ ಗೋವಿಂದರಾಜ. ನಾರ್ವೆಯ ಮುದುಕಿಗೆ ನಾನಿ ಅಂದರೆ ನಮ್ಮ ಓದುಗರು ಅವಳ ತಲೆಯ ಮೇಲೆ ಸೆರಗು ಹೊದಿಸಿಬಿಡ್ತಾರೆ ಸಾರ್, ಅಜ್ಜಿ ಅಂದ್ರೆ ಯಾರದೂ ತಕರಾರಿಲ್ಲ. ಹಿಮದ ನಾಡಿನ ಮುದುಕಿ ತಲೆಗೆ ಬಟ್ಟೆ ಕಟ್ಟಿಯೇ ಇರುತ್ತಾಳೆ ಎಂದು ಮುನವ್ವರ ಹೇಳಬೇಕೆಂದುಕೊಂಡ, ಹೇಳಲಿಲ್ಲ. ಸಭೆಗೆಂದು ನಾರ್ವೆಯ ಮೇಡಂ ಜತೆ ಊರಿಗೆ ಬಂದಿರುವ ಗೋವಿಂದರಾಜ ಇವತ್ತು ಸಂಜೆ ಕೊಪ್ಪಳದಲ್ಲಿ ರೈಲು ಹತ್ತುವುದರೊಳಗೆ ಅವನಿಗೆ ಹ್ಞೂಂ ಅನ್ನಬೇಕು. ಇಲ್ಲವಾದರೆ ಅವನು ಬೆಂಗಳೂರಿನಲ್ಲಿಯೇ ಯಾರಿಂದಲಾದರೂ ಇಂಗ್ಲಿಷಿನಿಂದ ಮಾಡಿಸಿಕೊಳ್ಳುತ್ತಾನೆ. ಇಬ್ಬರು ಮುದುಕಿಯರೂ ಅಜ್ಜಿಯರಾಗಿಯೇ ಕನ್ನಡಕ್ಕೆ ಬರುತ್ತಾರೆ, ಮುನವ್ವರನ ಹೆಸರಿಲ್ಲದೆ.

ನಾರ್ವೆಯಿಂದ ಬಂದ ಮೇಡಂ ಹೆಸರೇ 'ಹೇಗೆ'. ಅವರ ನಾಡಿನಲ್ಲಿ ಸಾಮಾನ್ಯ ಹೆಸರು, ಆದರೆ ಲಾಡ್ಜಿನ ಮ್ಯಾನೇಜರನಿಗೆ ಬರೆದುಕೊಳ್ಳುವಾಗ ಕೈ ನಿಂತಿತ್ತಂತೆ. ನಾರ್ವೆಯ ಪುಸ್ತಕಗಳನ್ನೂ ಬರೆಯುವವರನ್ನೂ ಹೊರನಾಡಿನ ಓದುಗರಿಗೆ, ಪ್ರಕಾಶಕರಿಗೆ ಪರಿಚಯಿಸುವ ಕಚೇರಿಯೊಂದರಲ್ಲಿ ಅವರ ಕೆಲಸ. ಐವತ್ತು ದಾಟಿದ, ಬಿಸಿಲಿಗೆ ಕೆನ್ನೆ ಕೆಂಪಾದ ಹೆಂಗಸು. ಹೆಗಲಿಗೊಂದು ಬಟ್ಟೆಯ ಚೀಲ, ಅದರ ತುಂಬ ಹೊಸ ಕಾದಂಬರಿಗಳ ಸಾರಾಂಶವಿರುವ ತೆಳ್ಳನೆಯ ಪುಸ್ತಿಕೆಗಳು. ಶಬ್ಬೀರಸಾಬನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿ ಕೂತಾಗ ಅವರು ತಮ್ಮ ಕೆಲಸದ ಬಗ್ಗೆ ಹೇಳಿದರು: ಪುಸ್ತಕದ ಸಂತೆಗಳಲ್ಲಿ ಒಂದು ಮೇಜು ಹಿಡಿದು ಕೂರುವುದು, ಎದುರು ಬಂದು ಕೂತವರಿಗೆ ಒಂದು ಕಾದಂಬರಿಯನ್ನು ಒಂದೇ ಮಾತಿನಲ್ಲಿ ಹೇಳುವುದು, ಅವರ ಕಣ್ಣು ಗಡಿಯಾರದ ಕಡೆ ಹೋಗುವುದರೊಳಗೆ ಇನ್ನೊಂದು. ಈ ಕಾದಂಬರಿಯನ್ನು ಏನೆಂದು ಹೇಳುತ್ತೀರಿ ಎಂದು ಮುನವ್ವರ ಅವರ ಭಾಷೆಯಲ್ಲೇ ಕೇಳಿದ. "ಇಬ್ಬರು ಮುದುಕಿಯರು, ಒಂದು ದೋಣಿ," ಅಂದರು ಅವರು, ತಡವಿಲ್ಲದೆ. ನಮ್ಮದು ಸಣ್ಣ ಭಾಷೆ, ಮನೆಯಲ್ಲೇ ಕೂತರೆ ಯಾರೂ ಬಾಗಿಲು ತಟ್ಟುವುದಿಲ್ಲ, ನಾವೇ ತಟ್ಟಬೇಕು ಅಂದರು. ಆ ಭಾಷೆ ಆಡುವವರಿಗಿಂತ ಎಷ್ಟೋ ಪಟ್ಟು ಹೆಚ್ಚು ಜನ ಆಡುವ ಕನ್ನಡದ ಚೀಲವನ್ನು ಹೀಗೆ ಹೆಗಲಿಗೆ ಹಾಕಿಕೊಂಡು ದೂರದ ಯಾವ ಹೋಟೆಲಿನಲ್ಲಿ ಯಾರು ಕೂತಿದ್ದಾರು ಎಂದು ಮುನವ್ವರನ ಮನಸ್ಸು ಒಂದು ಸುತ್ತು ಹೋಗಿಬಂತು. ದುಡ್ಡಿನ ಗಲ್ಲೆಯ ಮೇಲಿನಿಂದ ಶಬ್ಬೀರಸಾಬ ಕೇಳಿದ, ಮೇಡಮ್ಮಾರು ಏನು ಮಾರಾಕ ಬಂದಾರ ಮಾಸ್ತರ. ಕಥಿ, ಅಂದ ಮುನವ್ವರ. "ಕಥಿ ಮಾರಾಕ ಇಷ್ಟು ದೂರ? ನಮ್ಮಲ್ಲಿ ಬಿಟ್ಟಿ ಕೊಟ್ರೂ ಒಯ್ಯವಲ್ರು." ಗೋವಿಂದರಾಜ ನಗಲಿಲ್ಲ. ಅವನು ಬಗ್ಗಿ ಮಿರ್ಚಿಯನ್ನು ಮುರಿದು ಮಂಡಕ್ಕಿಯೊಳಗೆ ಹಿಸುಕಿ ಕಲೆಸುತ್ತಿದ್ದ. ಬೆಂಗಳೂರಿನವರು ಹಾಗೆ ಕಲೆಸುವುದನ್ನು ಮುನವ್ವರ ಕಂಡಿರಲಿಲ್ಲ.

ಸಭೆಗೆ ಇನ್ನೂ ಹೊತ್ತಿತ್ತು. ನೀವು ನಮ್ಮ ಭಾಷೆ ಕಲಿತ ಜಾಗ ತೋರಿಸಿ ಎಂದು ಮೇಡಂ ಕೇಳಿದ್ದರಿಂದ, ಹುಲಗಪ್ಪನ ಬಾಡಿಗೆ ಕಾರಿನಲ್ಲಿ ಮೂವರೂ ವಿರೂಪಾಪುರಗಡ್ಡೆಗೆ ಹೋದರು. ತೋರಿಸಲು ಏನೂ ಇರಲಿಲ್ಲ. ಅವನು ಬೆಳೆದ ಗುಡಿಸಲಿದ್ದಲ್ಲಿ ಭತ್ತ ನಿಂತಿತ್ತು. ಭತ್ತದಲ್ಲಿ ಬೆಳ್ಳಕ್ಕಿ ನಿಂತಿತ್ತು. ಹೊಳೆಯಾಚೆ ಹಂಪಿಯ ಬಂಡೆಗಳು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದವು. ಮುನವ್ವರ ಬದುವಿನ ಮೇಲೆ ನಿಂತು, ಇಲ್ಲಿ ಒಲೆ, ಇಲ್ಲಿ ಚಾಪೆ, ಇಲ್ಲಿ ಹಗ್ಗಕ್ಕೆ ಒಣಹಾಕಿದ ಫಾರಿನ್ನಿನವರ ಬಣ್ಣಬಣ್ಣದ ಲುಂಗಿ ಎಂದು ಗಾಳಿಯಲ್ಲಿ ಕೈಯಾಡಿಸಿದ. ಕೈ ಆಡಿಸಿದಲ್ಲೆಲ್ಲ ನಾನಿ ಏಳುತ್ತಿದ್ದಳು. ತಾಯಿಯ ತಾಯಿ ನೂರಜಾನಬಿ. ಹೊಳೆ ದಾಟಿ ಬಂದು ತಂಗುತ್ತಿದ್ದ ಬಿಳಿಯರಿಗೆ ಚಹಾ ಕಾಸಿ ಕೊಡುತ್ತ ಅವನನ್ನು ಸಾಕಿದವಳು. ಚಳಿಗಾಲಕ್ಕೆ ತಪ್ಪದೆ ಬರುತ್ತಿದ್ದ ಲಿವ್ ಎಂಬ ನಾರ್ವೆಯ ಮುದುಕಿ, ನಿವೃತ್ತ ಸಾಲಿ ಟೀಚರು, ಆ ಗುಡಿಸಲಿನ ಕಂಬಕ್ಕೆ ಒರಗಿ ಕೂತು ಹುಡುಗ ಮುನವ್ವರನನ್ನು ತೋರಿಸಿ, ನಾನಿಯನ್ನು ತೋರಿಸಿ, ಇವಳು ನಿನಗೆ ಏನಾಗಬೇಕು ಎಂದು ಸನ್ನೆಯಲ್ಲಿ ಕೇಳಿದ್ದು. ಅವನು, ತಾಯಿ, ಆಮೇಲೆ ಮತ್ತೆ ತಾಯಿ ಎಂದು ಎರಡು ಸಲ ಕೈ ಮೇಲೆತ್ತಿ ತೋರಿಸಿದ್ದು. ಅವಳು ಚಪ್ಪಾಳೆ ತಟ್ಟಿ, ಮುರ್ಮುರ್ ಅಂದದ್ದು. ಒಲೆಯ ಮುಂದಿನಿಂದ ನಾನಿ ಎದ್ದು ಹೋಗಿ ಡಬ್ಬಿಯಿಂದ ತಟ್ಟೆ ತುಂಬ ಮಂಡಕ್ಕಿ ಸುರಿದು, ಮೇಲೆ ಉಳ್ಳಾಗಡ್ಡಿ ಹೆಚ್ಚಿ ಹಾಕಿ ತಂದಿಟ್ಟಳು. ನಾನಿಯ ದಖ್ಖನಿ ಮಾತಿನಲ್ಲಿ ಮಂಡಕ್ಕಿಗೆ ಮುರ್ಮುರಾ. ಪಾಪ ಹಸಿದಾಳ, ಬಾಯಿಬಿಟ್ಟು ಕೇಳ್ಯಾಳ ಎಂದು ನಾನಿ. ಲಿವ್ ಬೇಡವೆನ್ನಲಾರದೆ ತಿಂದಳು. ಮರುದಿನ ಬಂದವಳೇ ಪ್ರೀತಿಯಿಂದ ಮುರ್ಮುರ್ ಎಂದು ಕರೆದಳು, ಮತ್ತೆ ಮಂಡಕ್ಕಿ ಬಂತು. ಎಷ್ಟೋ ಚಳಿಗಾಲ ಹಾಗೆಯೇ ನಡೆಯಿತು. ಹುಡುಗನಿಗೆ ಇಬ್ಬರ ತಪ್ಪೂ ಗೊತ್ತಿತ್ತು, ಇಬ್ಬರಿಗೂ ಹೇಳಲಿಲ್ಲ. ಹೇಳಿದರೆ ಆಟ ಮುಗಿಯುತ್ತಿತ್ತು. ಹಾಗೆ ಆ ದೂರದ ಭಾಷೆಯ ಮೊದಲ ಶಬ್ದ ಅವನ ಬಾಯಿಗೆ ಉಳ್ಳಾಗಡ್ಡಿಯ ಘಾಟಿನ ಜತೆ ಬಂದಿತ್ತು. ಆಮೇಲಿನವು, ಮಳೆ, ಮೀನು, ದೋಣಿ, ಅಕ್ಷರಮಾಲೆ, ಮಕ್ಕಳ ಪುಸ್ತಕ, ವರ್ಷಕ್ಕೊಂದು ಹೊಸ ಪುಸ್ತಕ, ಆ ಮೊದಲ ಶಬ್ದದ ಹಿಂದೆ ನಡಿಗೆ ಕಲಿಯುವ ಕರುಗಳ ಹಾಗೆ ಬಂದವು. ಒಂದು ಚಳಿಗಾಲ ಲಿವ್ ಬರಲಿಲ್ಲ. ಇನ್ನೊಂದು ಚಳಿಗಾಲ ನಾನಿ ಇರಲಿಲ್ಲ.

ಮೇಡಂ ಇದನ್ನೆಲ್ಲ ಕೇಳಿ ಬಹಳ ನಕ್ಕರು, ನಕ್ಕು ಕಣ್ಣು ಒರೆಸಿಕೊಂಡರು. ಗೋವಿಂದರಾಜ ದೂರದಲ್ಲಿ ಫೋನಿನಲ್ಲಿದ್ದ. ಇದೇ ಸಮಯವೆಂದು ಮುನವ್ವರ ಶಬ್ದದ ತಕರಾರನ್ನು ಅವರ ಮುಂದೆ ಇಟ್ಟ. ಇಡುವಾಗ ಅವನಿಗೆ, ನಡುವಯಸ್ಸಿನ ಗಂಡಸು ತಾನು, ಹೆಡ್‌ಮಾಸ್ತರರ ಹತ್ತಿರ ಚಾಡಿ ಹೇಳುವ ಹುಡುಗನಂತೆ ಕಾಣುತ್ತಿದ್ದೇನೆ ಅನ್ನಿಸಿ ಧ್ವನಿ ಸಣ್ಣದಾಯಿತು. ಅವರು ಗಂಭೀರವಾಗಿ ಕೇಳಿದರು. ನಮ್ಮಲ್ಲಿ ರೇಡಿಯೋದಲ್ಲೂ ಜನ ತಮ್ಮ ತಮ್ಮ ಊರ ಮಾತೇ ಆಡುತ್ತಾರೆ, ಯಾರೂ ತಿದ್ದುವುದಿಲ್ಲ ಅಂದರು. ಅವನ ಎದೆ ಏರಿತು. ಆದರೆ ಇದು ನಿಮ್ಮ ಭಾಷೆಯ ಮನೆಯೊಳಗಿನ ಮಾತು ಅಂದರು ಆಮೇಲೆ, ಅನುವಾದಕರು ಪ್ರಕಾಶಕರು ಕೂಡಿ ತೀರ್ಮಾನಿಸಬೇಕಾದದ್ದು, ನಾನು ಬಾಗಿಲವರೆಗೆ ತರುವವಳು, ಯಾವ ಕೋಣೆಯಲ್ಲಿ ಕೂರಿಸಬೇಕೆಂದು ಹೇಳುವವಳಲ್ಲ. ಅವರು ಹೇಳಿದ್ದು ಸರಿಯಾಗಿತ್ತು. ಸರಿಯಾಗಿದ್ದರಿಂದಲೇ ಅವನಿಗೆ ಯಾರ ಮೇಲೂ ಸಿಟ್ಟಾಗಲು ದಾರಿ ಉಳಿಯಲಿಲ್ಲ. ತಿರುಗಿ ಬರುವಾಗ ಕಾರಿನಲ್ಲಿ ಅವನು, ಆಗಲಿ, ಅಜ್ಜಿಯೆಂದೇ ಓದುತ್ತೇನೆ ಎಂದು ಗೋವಿಂದರಾಜನಿಗೆ ಹೇಳಿಬಿಟ್ಟ. ಹೇಳಿದ ಕೂಡಲೆ ಒಂಥರಾ ಹಗುರಾಯಿತು. ಒಂದು ಶಬ್ದಕ್ಕಾಗಿ ಇಡೀ ಪುಸ್ತಕ ಕಳೆದುಕೊಳ್ಳುವವನು ಮೂರ್ಖ. ಜಾಣನಾದವನು ಒಬ್ಬ ಮುದುಕಿಯನ್ನು ಬಿಟ್ಟುಕೊಟ್ಟು ಉಳಿದದ್ದನ್ನು ದಡ ಮುಟ್ಟಿಸಬೇಕು. ಹೀಗೆ ಲೆಕ್ಕ ಹಾಕುತ್ತ ಹೋದ. ಕಾಲುವೆಯ ಪಕ್ಕದ ಗದ್ದೆಗಳು ಹಿಂದಕ್ಕೆ ಓಡುತ್ತಿದ್ದವು, ಪ್ರತಿಯೊಂದರಲ್ಲೂ ಯಾರೋ ಬಗ್ಗಿ ನಾಟಿ ಮಾಡುತ್ತಿದ್ದರು, ಯಾರೂ ತಲೆಯೆತ್ತಿ ನೋಡಲಿಲ್ಲ.

ಕಾಲೇಜಿನ ಸಭಾಂಗಣದಲ್ಲಿ ಹುಡುಗ ಹುಡುಗಿಯರು ತುಂಬಿದ್ದರು. ಹಾಜರಿ ಕೊಡುತ್ತೇವೆಂದು ಕೂರಿಸಿದ್ದರು. ಹಳೆಯ ಗೆಳೆಯ ಹಾಲೇಶ ಈಗ ಅಲ್ಲಿ ಪ್ರಿನ್ಸಿಪಾಲ. "ಇವರು ಹೇಗೆ," ಎಂದು ಅವನು ಮೈಕಿನಲ್ಲಿ ಮೇಡಮ್ಮನ್ನು ಪರಿಚಯಿಸುತ್ತಿದ್ದಂತೆ ಹಿಂದಿನ ಬೆಂಚಿನಿಂದ ಯಾರೋ, "ಆರಾಮ್ ಅದಾರ್ರಿ ಸರ," ಅಂದು ಸಭೆಯೆಲ್ಲ ಅಲುಗಿತು. ಮೇಡಂ ಎದ್ದು ನಿಂತು ತಮ್ಮ ಭಾಷೆಯಲ್ಲಿ ಒಂದು ಪುಟ ಓದಿದರು. ಅರ್ಥವಾಗದಿದ್ದರೂ ಜನ ಸುಮ್ಮನಾದರು. ಆ ಭಾಷೆಯ ಪುಸ್ತಕವನ್ನು ಹೆಂಗಸಿನ ದನಿಯಲ್ಲಿ ಹೀಗೆ ಗಟ್ಟಿಯಾಗಿ ಓದುವುದನ್ನು ಕೇಳಿ ಮುನವ್ವರನಿಗೆ ಎಷ್ಟೋ ವರ್ಷವಾಗಿತ್ತು. ಅವನು ಅದನ್ನು ಕಣ್ಣಿನಿಂದ ಮಾತ್ರ ಓದುತ್ತ ಮುದುಕನಾಗುತ್ತಿದ್ದ. ಮುರ್ಮುರ್ ಎಂಬುದು ಬಂದಾಗಲೆಲ್ಲ ಎದೆಯೊಳಗೆ ಏನೋ ಡಬ್ಬಿಯ ಮುಚ್ಚಳ ತೆರೆದಂತಾಗುತ್ತಿತ್ತು. ಆಮೇಲೆ ಅವನ ಸರದಿ. ಕಾಗದ ಬಿಡಿಸಿ, ಕನ್ನಡಕ ಸರಿಮಾಡಿಕೊಂಡು, ಪಾಠ ಓದುವ ದನಿಯಲ್ಲಿ ಶುರುಮಾಡಿದ. ದಡದ ಹಿಮ, ಮುದುಕಿಯ ಕೋಣೆ, ಕೈ ತಣ್ಣಗಾದದ್ದು, ನೆರೆಯವಳು ಬಂದು ಕಣ್ಣು ಮುಚ್ಚಿದ್ದು. ಚೆನ್ನಾಗಿ ಹೋಗುತ್ತಿತ್ತು. "ಅಜ್ಜಿ ತೀರಿಕೊಂಡ ಸುದ್ದಿಯನ್ನು ಅಜ್ಜಿಗೆ ತಿಳಿಸಲು ಹುಡುಗಿ ದೋಣಿಯ ಹಗ್ಗ ಬಿಚ್ಚಿದಳು," ಎಂದು ಓದಿದ. ಬೆಳಿಗ್ಗೆಯೇ ಆ ವಾಕ್ಯ ಕಂಡಿದ್ದ, ಓದುವಾಗ ಬೇಗ ದಾಟಿಬಿಡಬಹುದೆಂದುಕೊಂಡಿದ್ದ. ಹಿಂದೆ ಒಂದು ನಗೆ ಎದ್ದಿತು. ಮುಂದಿನ ಸಾಲಿನವರು ಬಾಯಿಗೆ ಕೈ ಅಡ್ಡ ಹಿಡಿದರು. ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಹುಡುಗಿ ಎದ್ದು ನಿಂತಳು. ರಂಜಿತಾ ಸುಮ್ಮ ಕೂಡು ಎಂದು ಹಾಲೇಶ ಕೈ ಮಾಡಿದ, ಅವಳು ಕೂಡಲಿಲ್ಲ. ಅವಳ ಮುಖದಲ್ಲಿ ನಗೆ ಇರಲಿಲ್ಲ.

"ಸರ, ಸತ್ತಾಕಿ ಯಾವ ಅಜ್ಜಿರಿ? ಯಾರ ಅಜ್ಜಿ ಅಂತ ತಿಳೀವಲ್ದು."

ಯಾರ ಅಜ್ಜಿ. ಮುನವ್ವರ ಕಾಗದ ನೋಡಿದ, ಅಕ್ಷರಗಳು ನೀರಿನಲ್ಲಿ ಬಿದ್ದಂತೆ ನಿಂತಲ್ಲಿ ನಿಲ್ಲಲಿಲ್ಲ. ಇದೇ ಊರು, ಇಂಥದ್ದೇ ಒಂದು ವೇದಿಕೆ. ಆಗ ಅವನಿಗೆ ಮೀಸೆ ಕೂಡ ಮೂಡಿರಲಿಲ್ಲ. ತಾಲೂಕಿಗೇ ಮೊದಲ ಬಹುಮಾನ ಬಂದ ಪ್ರಬಂಧವನ್ನು ಎಲ್ಲರ ಮುಂದೆ ಓದಬೇಕಿತ್ತು. ಅದರಲ್ಲಿ ನಾನಿ ಎಂದು ಬರೆದದ್ದನ್ನೆಲ್ಲ ಟೀಚರು ಮೊದಲೇ ಕೆಂಪು ಶಾಯಿಯಲ್ಲಿ ಹೊಡೆದು ಅಜ್ಜಿ ಮಾಡಿದ್ದರು, ಪ್ರೀತಿಯಿಂದಲೇ, ಬಹುಮಾನ ತಪ್ಪಬಾರದೆಂದು. ನಾನಿ ಹರಿಗೋಲು ಹತ್ತಿ, ಬಸ್ಸು ಹಿಡಿದು, ಒಗೆದ ಸೀರೆಯುಟ್ಟು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಳು. ಅವನು ಅವಳನ್ನೇ ನೋಡುತ್ತ ಅವಳ ಕೈಯ ಸುಟ್ಟ ಕಲೆಗಳ ಬಗ್ಗೆ, ಅವಳು ಬಿಳಿಯರಿಗೆ ಮಂಡಕ್ಕಿ ಕೊಡುವುದರ ಬಗ್ಗೆ, ಜ್ವರ ಬಂದಾಗ ಪಾದಕ್ಕೆ ಉಳ್ಳಾಗಡ್ಡಿ ತಿಕ್ಕುವುದರ ಬಗ್ಗೆ ಓದಿದ. ಅವಳು ಎಲ್ಲರ ಜತೆ ಚಪ್ಪಾಳೆ ತಟ್ಟಿದಳು. ಸಂಜೆ ಬಸ್ಸಿನಲ್ಲಿ ಅವನ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಭಾಳ ಛಲೋ ಓದಿದಿ ಬೇಟಾ, ಯಾರ ಅಜ್ಜಿ ಅಕಿ, ಎಂದು ಕೇಳಿದಳು. ಅಜ್ಜಿ ಎಂದರೆ ಅವಳಿಗೆ ಬೇರೆಯವರ ಮನೆಯಲ್ಲಿ ಇರುವವಳು. ಹುಡುಗ ಏನು ಹೇಳಬೇಕು? ಓಣಿಯ ಒಬ್ಬ ಗೆಳೆಯನ ಹೆಸರು ಹೇಳಿ, ಅವನ ಅಜ್ಜಿ ಅಂದ. ನಾನಿ ಒಪ್ಪಿದಳು. ಅಕಿಗೂ ನನ್ನಂಗ ಕೈ ಸುಟ್ಟಾವಲ್ಲ, ಒಂದಿನ ನಮ್ಮ ಗುಡಿಸಲಕ ಕರಕೊಂಡು ಬಾ, ಚಹಾ ಕೊಡ್ತೀನಿ ಅಂದಳು. ಆಮೇಲೂ ಎರಡು ಮೂರು ಸಲ ನೆನೆಸಿದಳು, ಬರಲಿಲ್ಲಲ್ಲ ನಿನ್ನ ಅಜ್ಜಿ ಎಂದು. ಅವಳು ಸಾಯುವವರೆಗೂ ಅವಳ ಪ್ರಬಂಧ ಅವಳಿಗೆ ಮುಟ್ಟಲಿಲ್ಲ.

ಸಭೆ ಕಾಯುತ್ತಿತ್ತು. ಗೋವಿಂದರಾಜ ಪಕ್ಕದ ಕುರ್ಚಿಯಿಂದ ಬಗ್ಗಿ, ತಾಯಿ ಕಡೆಯ ಅಜ್ಜಿ ಅಂತ ಹೇಳಿ ಮುಂದೆ ಹೋಗಿ ಸಾರ್, ಎಂದು ಪಿಸುಗುಟ್ಟಿದ. ಹೇಳಬಹುದಿತ್ತು. ಆದರೆ ತಾಯಿ ಸತ್ತ ಮನೆಯಲ್ಲಿ ಅವಳ ತಾಯಿಯ ಮಗ್ಗುಲಲ್ಲಿ ಮಲಗಿ ಬೆಳೆದ ಮಗು, ರೇಷನ್ ಕಾರ್ಡಿನಲ್ಲಿ ಬರೆಸುವ ಹಾಗೆ, ತಾಯಿ ಕಡೆಯವಳೇ ಎಂದು ಕೂಗುತ್ತದೆಯೇ. "ನಾನಿ," ಅಂದ ಮುನವ್ವರ ಮೈಕಿನಲ್ಲಿ. ಅದು ಸಭಾಂಗಣದ ತಗಡಿಗೆ ಬಡಿದು ಅವನ ಕಿವಿಗೇ ಮರಳಿತು. "ಅವ್ವನ ಅವ್ವ. ನಾನಿ ಅಂತ ಕರೀತಾಳ ಆ ಹುಡುಗಿ. ತೀರಿಕೊಂಡಾಕಿ ನಾನಿ." ರಂಜಿತಾ, ಹಂಗೇನ್ರಿ, ಎಂದು ಕೂತಳು, ಇಷ್ಟೇ ತಾನೆ ಅನ್ನುವ ಹಾಗೆ. ಅವನು ಕಾಗದ ಮಡಚಿಟ್ಟು, ಬಾಯಿಗೆ ಬರುತ್ತಿದ್ದ ತನ್ನ ಪುಟವನ್ನೇ ಮೊದಲಿಂದ ಹೇಳತೊಡಗಿದ. ನಾನಿಯ ಕೋಣೆ, ನಾನಿಯ ತಣ್ಣನೆ ಕೈ. ಈಗ ಅದು ಪಾಠದ ದನಿಯಾಗಿರಲಿಲ್ಲ. ನಾನಿ ತೀರಿಕೊಂಡ ಸುದ್ದಿಯನ್ನು ತಿಳಿಸಲು ಎಂಬಲ್ಲಿಗೆ ಬಂದು, ಯಾರಿಗೆ, ಎಂಬಲ್ಲಿ ಅವನ ನಾಲಗೆ ಗಕ್ಕನೆ ನಿಂತಿತು. ದಾದಿಗೆ ಅಂದರೆ ನರ್ಸು ಬಂದು ನಿಲ್ಲುತ್ತಾಳೆ. ಅಜ್ಜಿಗೆ ಎನ್ನಲು ಬಾಯಿ ಬರಲಿಲ್ಲ. ಕೊನೆಗೆ, ಆ ದಂಡೆಯವಳಿಗೆ ಎಂದು ಹೇಗೋ ದಾಟಿಸಿ ಕುಳಿತ. ಚಪ್ಪಾಳೆ ಬಂತು. ಅವನಿಗೆ ಮಾತ್ರ ತನ್ನ ಪುಸ್ತಕ ಕೈಬಿಟ್ಟು ಹೋದದ್ದು ಸ್ಪಷ್ಟವಾಗಿ ಕಾಣಿಸುತ್ತಿತ್ತು, ಹಗ್ಗ ಬಿಚ್ಚಿದ ದೋಣಿಯಂತೆ, ನಿಧಾನವಾಗಿ.

ಸಭೆ ಮುಗಿಸಿ, ಗೋವಿಂದರಾಜನನ್ನೂ ಮೇಡಮ್ಮನ್ನೂ ರೈಲು ಹತ್ತಿಸಲು ಕಾರು ಕೊಪ್ಪಳದ ದಾರಿ ಹಿಡಿಯಿತು. ಮುಂದಿನ ಸೀಟಿನಲ್ಲಿ ಗೋವಿಂದರಾಜನ ಕುತ್ತಿಗೆ ಕಲ್ಲಿನಂತೆ ಕೂತಿತ್ತು. ಹಿಂದೆ ಮುನವ್ವರನ ಪಕ್ಕದಲ್ಲಿ ಮೇಡಂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಗದ್ದೆಗಳು ಮುಗಿದು ಒಣನೆಲ ಶುರುವಾಗಿತ್ತು. ಕರಿಮಣ್ಣಿನ ಹೊಲಗಳ ಮೇಲೆ ಇಳಿಬಿಸಿಲು ಹಳದಿಯಾಗಿ ಬಿದ್ದಿತ್ತು. ಕ್ಷಮಿಸಿ ಎಂದು ಹೇಳಬೇಕೇ ಎಂದು ಮುನವ್ವರ ಯೋಚಿಸುತ್ತಿದ್ದ. ಕ್ಷಮಿಸಿ ಎನ್ನಲು ತಾನು ಮಾಡಿದ್ದಾದರೂ ಏನು, ಕೊಟ್ಟ ಮಾತಿಗೆ ತಪ್ಪಿದ್ದು, ಅದು ನಿಜ. ಮೆಹರಾಜ ಕೇಳಿದರೆ ಏನು ಹೇಳುವುದು. ಏನೂ ಕೇಳುವುದಿಲ್ಲ ಅವಳು, ಎರಡು ರೊಟ್ಟಿ ಹೆಚ್ಚು ಹಾಕುತ್ತಾಳೆ. ಬೂದಗುಂಪಾದ ಹತ್ತಿರ ರಸ್ತೆ ತಿರುಗುವಾಗ ಮುಂದಿನಿಂದ ಒಂದು ದನಿ ಬಂತು. "ನಮ್ಮದು ಕುಷ್ಟಗಿ ಕಡಿ ರಿ, ಮಾಸ್ತರ." ಹುಲಗಪ್ಪ ಮಾತಾಡಿದನೆಂದು ಮುನವ್ವರ ಅವನತ್ತ ನೋಡಿದ. ಹುಲಗಪ್ಪನೂ ಆಶ್ಚರ್ಯದಿಂದ ಪಕ್ಕಕ್ಕೆ ನೋಡುತ್ತಿದ್ದ. ಮಾತಾಡಿದ್ದು ಗೋವಿಂದರಾಜ.

ರಸ್ತೆಯನ್ನೇ ನೋಡುತ್ತ ಅವನು ಹೇಳಿದ. ಅವರ ಮನೆಯಲ್ಲಿ ತಾಯಿಗೆ ಅವ್ವ, ಅಪ್ಪನ ಅವ್ವನಿಗೆ ಅಮ್ಮ. ಆ ಅಮ್ಮನ ಹೆಸರು ಗಾಳೆಮ್ಮ. ಅವನು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದಾಗ ಅವಳು ತೀರಿಕೊಂಡ ಸುದ್ದಿ ಬಂತು. ನಮ್ಮಮ್ಮ ಹೋದಳು ಎಂದು ಅತ್ತ. ಬೆಂಗಳೂರಿನಲ್ಲಿ ಅಮ್ಮನೆಂದರೆ ತಾಯಿ. ಹುಡುಗರೆಲ್ಲ ಸುತ್ತ ಕೂತು ಸಮಾಧಾನ ಮಾಡಿದರು, ವಾರ್ಡನ್ನರು ತಾವೇ ಬಸ್ಸಿಗೆ ಹತ್ತಿಸಿದರು, ತಾಯಿಯಿಲ್ಲದ ಹುಡುಗನೆಂದು ಆಮೇಲೆ ಅಡಿಗೆಯವನು ಕೂಡ ಒಂದು ಸೌಟು ಹೆಚ್ಚು ಬಡಿಸುತ್ತಿದ್ದ. ಯಾಕೆ ಬಡಿಸುತ್ತಾನೆಂದು ಇವನಿಗೆ ತಿಳಿದಿರಲಿಲ್ಲ. ದೀಪಾವಳಿಯ ಮುಂದೆ ಅವನ ಅವ್ವ ರೊಟ್ಟಿಗಂಟು ಹೊತ್ತು ಗೇಟಿಗೆ ಬಂದು, ಗೋವಿಂದನ ತಾಯಿ ಅದೀನಿ ಅಂದಳು. ರಜೆಗಾಗಿ ಹೆತ್ತವಳನ್ನೇ ಸಾಯಿಸಿದವನು ಎಂದು ಹಾಸ್ಟೆಲ್ ಬಿಡುವ ತನಕ ಹೆಸರು ಉಳಿಯಿತು. ಯಾರಿಗೆ ಹೇಳಿದರೂ ನಂಬಲಿಲ್ಲ.

"ಆವತ್ತಿನಿಂದ ನಾನೂ ಅಕಿನ್ನ ಅಜ್ಜಿ ಅನ್ನಾಕ ಹತ್ತಿದೆ ರಿ. ಅಜ್ಜಿ ಅಂತ ಅನ್ನಾಕ ಹತ್ತಿದಾಗಿಂದ ಅಕಿ ಮಾರಿ ನೆನಪಿಗೆ ಬರವಲ್ದು. ಯಾರದೋ ಪುಸ್ತಕದಾಗಿನ ಮುದುಕಿ ಕಂಡಂಗ ಆಕ್ಕತಿ."

ಗೋವಿಂದರಾಜ, ನಾನಿ ಹಂಗೇ ಇರಲಿ ಅಂದ. ಮುನವ್ವರನಿಗೆ ಕೇಳಿಸಿತು, ಆದರೆ ಕೇಳಿಸಿದ್ದು ಸರಿಯೇ ಎಂದು ನಂಬಿಕೆಯಾಗಲಿಲ್ಲ. ಸಭೆಯಲ್ಲಿ ನಿಲ್ಲಿಸಿದಿರಲ್ಲ, ಆ ದಂಡೆಯವಳನ್ನು ಏನೆಂದು ಕರೆಯುತ್ತೀರಿ ಎಂದು ಗೋವಿಂದರಾಜನೇ ಕೇಳಿದ. ಮುನವ್ವರ ಗೊತ್ತಿಲ್ಲವೆಂದ, ನಮ್ಮ ಮನೆಯಲ್ಲಿದ್ದದ್ದು ನರ್ಸಾಗಿ ಹೋಯಿತು, ನನ್ನ ಹತ್ತಿರ ಬೇರೆ ಇಲ್ಲ ಅಂದ.

"ಅಮ್ಮ ಅನ್ರಿ."

"ಬೆಂಗಳೂರಿನವರು ತಾಯಿ ಅನ್ಕೋತಾರ್ರಿ."

"ಒಂದು ಪುಟ ಅನ್ಕೋತಾರ. ಆಮ್ಯಾಲೆ ತಿಳಕೋತಾರ. ನಾವು ಅವರದು ಎಷ್ಟು ತಿಳಕೊಂಡಿಲ್ಲ." ಗೋವಿಂದರಾಜ ಕಿಟಕಿಯ ಗಾಜು ಇಳಿಸಿದ, ಹೊಲದ ಬಿಸಿ ಗಾಳಿ ಒಳಗೆ ಬಂತು. "ಪುಸ್ತಕದ ಮೊದಲನೇ ಸಾಲು ಹೆಂಗಾಕ್ಕತಿ, ಅಂದು ನೋಡ್ರಿ."

ಗಾಳಿಗೆ ಮೇಡಂ ಎಚ್ಚರವಾಗಿ, ಏನು ನಡೆದಿದೆ ಎಂದು ಕಣ್ಣಲ್ಲೇ ಕೇಳಿದರು. ಮುನವ್ವರ ಎರಡು ಶಬ್ದಗಳನ್ನೂ ಮೊದಲು ಬಾಯೊಳಗೇ ಒಂದರ ಪಕ್ಕ ಒಂದನ್ನು ಇಟ್ಟು ನೋಡಿದ. ಒಂದು ತನ್ನ ಮನೆಯದು, ಒಂದು ಕುಷ್ಟಗಿಯ ಯಾವುದೋ ಕಾಣದ ಮನೆಯದು. ಎರಡೂ ಜಗಳವಾಡಲಿಲ್ಲ.

"ನಾನಿಯ ಮನೆಗೂ ಅಮ್ಮನ ಮನೆಗೂ ನಡುವೆ ನೀರಿತ್ತು," ಅಂದ.

ಗೋವಿಂದರಾಜ ಹೊಲದ ಕಡೆ ಮುಖ ಮಾಡಿದ.

"ಇನ್ನೊಮ್ಮೆ ಅನ್ರಿ," ಅಂದ, ಮುಖ ತಿರುಗಿಸದೆ.